ಗೊಣಗಪ್ಪನ ದಾರಿ

ಮನೆಯಿಂದ,
ಮಂಗಳವಾರ ಸಂಜೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಆ ಹಕ್ಕಿ ದ್ವೀಪದ ಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ದಿನವಿಡೀ ಹಕ್ಕಿಗಳ ತೂಕ ನೋಡುವವಳು ನಿನ್ನ ತೂಕವನ್ನೂ ಒಮ್ಮೆ ನೋಡಿಕೋ. ನನ್ನ ಮಂಡಿನೋವು ಹಾಗೇ ಇದೆ. ಮೀನು ಕೊಯ್ಯುವ ಶೆಡ್ಡಿನಲ್ಲಿ ನಿಂತೇ ಕೆಲಸ, ಇನ್ನೇನಾದೀತು.

ನಿನ್ನ ಪತ್ರ ತಲುಪಿತು. ಗೊಣಗಪ್ಪ ಇನ್ನೂ ಗೂಡಿಗೆ ಬಂದಿಲ್ಲ, ಅವನ ಜೋಡಿ ಉಪವಾಸ ಕೂತು ಮೊಟ್ಟೆಗೆ ಕಾವು ಕೊಡುತ್ತಿದ್ದಾಳೆ ಎಂದು ಬರೆದಿದ್ದೀಯ. ಆ ಆಲ್ಬಟ್ರಾಸ್ ಹಕ್ಕಿ ಥೇಟ್ ಅಪ್ಪನ ಹಾಗೆ ಗೊಣಗುತ್ತದೆಂದು ನೀನು ಹೆಸರಿಟ್ಟಾಗ ನಾನು ನಕ್ಕು ಸುಸ್ತಾಗಿದ್ದೆ. ಅಪ್ಪ ಮುಖ ಊದಿಸಿಕೊಂಡರೂ, ನೀನು ಕಳಿಸಿದ ಅವನ ಹೋದ ವರ್ಷದ ಹಾರಾಟದ ನಕ್ಷೆಯನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದು ಅವರೇ. ಮೇವು ಹುಡುಕಿ ಸಾವಿರಾರು ಮೈಲಿ ಹಾರುವ ಆ ಗೆರೆ ತಮ್ಮ ದೋಣಿಯ ದಾರಿಯನ್ನೇ ದಾಟುತ್ತದೆಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಈ ಸಲ ಕಡಲಿಂದ ಬಂದಾಗಿನಿಂದ ಅಪ್ಪ ಸರಿಯಾಗಿ ಉಣ್ಣುತ್ತಿಲ್ಲ. ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂರುತ್ತಾರೆ. ಗಾಳಗಳ ಉದ್ದ ಹಗ್ಗವನ್ನು ನೀರಿಗೆ ಬಿಡುವಾಗಲೆಲ್ಲ, ನಿನಗೆ ಕೊಟ್ಟ ಮಾತಿನಂತೆ, ಗಾಳದ ಎರೆಗೆ ಎರಗುವ ಹಕ್ಕಿಗಳನ್ನು ಬೆದರಿಸುವ ಬಣ್ಣದ ಪಟ್ಟಿಗಳನ್ನು ದೋಣಿಯ ಹಿಂದೆ ಅವರೇ ಕಟ್ಟುತ್ತಿದ್ದರು. ಮೆರವಣಿಗೆ ಹೊರಟಿತೆಂದು ಉಳಿದವರು ಗೇಲಿ ಮಾಡಿದರೂ ಬಿಟ್ಟವರಲ್ಲ. ಈ ಸಲ ಗಾಳಿಗೆ ಪಟ್ಟಿಗಳು ಗಾಳಗಳಿಗೇ ಸುತ್ತಿಕೊಂಡವಂತೆ. ಸಿಕ್ಕು ಬಿಡಿಸಿ ಮತ್ತೆ ಕಟ್ಟೋಣವೆಂದು ಅಪ್ಪ ಒಳಗೆಳೆದುಕೊಂಡರು. ಗಾಳ ಬಿಡುವುದನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ. ಆಗಲೇ ಒಂದು ದೊಡ್ಡ ಹಕ್ಕಿ ಎರಗಿ, ಗಾಳ ನುಂಗಿ, ಹಗ್ಗದೊಂದಿಗೆ ಮುಳುಗಿತು. "ಒಂದೇ ಗಳಿಗೆ ಕಣೇ, ಬಿಡಿಸಿ ಕಟ್ಟೋ ಅಷ್ಟರಲ್ಲಿ," ಎಂದರು ಅಪ್ಪ. ಯಾರ ಮೇಲೆ ಸಿಟ್ಟು ಮಾಡಲಿ, ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು. ಎಲ್ಲಿದ್ದರೂ ತಣ್ಣಗಿರು ಎಂದು ಹರಸುವ,

ನಿನ್ನ ಅಮ್ಮ

ತಾ.ಕ.: ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಹಗ್ಗ ಮೇಲೆಳೆದಾಗ ಆ ಹಕ್ಕಿಯ ಕಾಲಲ್ಲಿ ನೀನು ಗೊಣಗಪ್ಪನಿಗೆ ತೊಡಿಸಿದ ಕೆಂಪು ಬಳೆ ಇತ್ತು. ಗೊಣಗಪ್ಪನಿಗಾಗಿ ಇನ್ನು ಕಾಯಬೇಡ, ಮಗಳೇ. ಅವನ ಜೋಡಿ ಹಸಿವು ತಾಳದೆ ಮೊಟ್ಟೆ ಬಿಟ್ಟು ಎದ್ದರೆ ನನಗಷ್ಟೇ ತಿಳಿಸು. ಅಪ್ಪ ದಿನಾ ಕೇಳುತ್ತಾರೆ, "ಇನ್ನೂ ಕೂತಿದ್ದಾಳಾ?" ಎಂದು. ನಾನು ಹೌದು ಅನ್ನುತ್ತಿದ್ದೇನೆ.