ಹದಿನೆಂಟು ಕಲಮುಗಳ ಒಪ್ಪಂದ

ಮಾರ್ಚ್ ೧೧, ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನಣ್ಣನ ಮನಃಪೂರ್ವಕ ಆಶೀರ್ವಾದಗಳು. ನಿನ್ನ ಎರಡು ಪತ್ರಗಳಿಗೂ ಉತ್ತರಿಸಲಿಲ್ಲ, ಮನ್ನಿಸು. ಒಂದು ಕಾರ್ಯ ಮುಗಿಯುವವರೆಗೆ ಬೇರೇನನ್ನೂ ಬರೆಯಲಾರೆನೆಂದು ಭಗವಂತನೆದುರು ಸಂಕಲ್ಪಿಸಿದ್ದೆ. ಅವನು ನಡೆಸಿಕೊಟ್ಟನು.

"ನಿನ್ನ ಸೊಸೆಗೆ ಅಷ್ಟೂ ತಿಳಿಯಲಿಲ್ಲವೇ ಅಣ್ಣ" ಎಂದು ಕೇಳಿದ್ದೀಯೆ. ಮನೆಯಲ್ಲೇ ಕುಳಿತು ಪುಟಗಳನ್ನು ಟೈಪ್ ಮಾಡುವ ಕೆಲಸವೆಂದು ಅವಳ ಮೊಬೈಲಿಗೆ ಸಂದೇಶ ಬಂತು. ಅದರ ಬೆನ್ನಿಗೇ ದುಂಡು ಮುದ್ರೆಯೊತ್ತಿದ ಹದಿನೆಂಟು ಕಲಮುಗಳ ಒಪ್ಪಂದ. ರುಜು ಹಾಕಿ, ಠೇವಣಿ ಕಟ್ಟಿ, ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತು ದಿನ ಬೆರಳು ಸವೆಸಿದಳು. ಕೂಲಿಯ ಬದಲು ಬೆದರಿಕೆ ಬಂತು: ತಪ್ಪುಗಳು ಮಿತಿ ಮೀರಿವೆ, ಹನ್ನೆರಡನೆಯ ಕಲಮಿನಂತೆ ದಂಡ ತೆರದಿದ್ದರೆ ಕೋರ್ಟಿಗೆಳೆಯುತ್ತೇವೆ. ಹೊಲಿಗೆ ಯಂತ್ರವನ್ನು ಮಾರಿ ಅದನ್ನೂ ತೆತ್ತಳು. ನನ್ನ ಮಗ ಊಟದ ನಡುವೆ, "ಮನೆ ಮುಳುಗಿಸೋಕೆ ನಿಂಗೆ ಸಂಬಳ ಬೇರೆ ಬೇಕಿತ್ತಾ?" ಎಂದ. ಅವಳು ಅವನ ತಟ್ಟೆಗೆ ಮತ್ತಷ್ಟು ಅನ್ನ ಬಡಿಸಿದಳು.

ನಲವತ್ತು ವರ್ಷ ಕ್ರಯಪತ್ರ, ಉಯಿಲುಗಳನ್ನು ಬರೆದವನು ನಾನು. ಓದಿ ಹೇಳದೆ ಯಾವ ಕಕ್ಷಿಯ ರುಜುವನ್ನೂ ಪಡೆದವನಲ್ಲ. ಆ ಕಸುಬನ್ನೇ ಬಲೆಯಾಗಿ ಹೆಣೆದೆ. ಪೊಲೀಸರಿಗೆ ದೂರು ಕೊಟ್ಟು, ಆ ಒಪ್ಪಂದ ಕಳುಹಿಸಿದವನಿಗೆ ಫೋನ್ ಮಾಡಿ, ಕೆಲಸ ಬೇಕೆನ್ನುವ ಹೆಂಗಸರು ಹತ್ತು ಮಂದಿ ಇದ್ದಾರೆ, ಆದರೆ ಮುಖ ನೋಡದೆ ಕಾಗದ ಮಾಡುವವನು ನಾನಲ್ಲ ಎಂದೆ. ಆಸೆ ಅವನನ್ನು ನನ್ನ ಹಳೆಯ ಬರವಣಿಗೆ ಕೋಣೆಗೆ ಎಳೆತಂದಿತು. ಕಕ್ಷಿದಾರರಂತೆ ಇಬ್ಬರು ಪೊಲೀಸರು ಬೆಂಚಿನ ಮೇಲಿದ್ದರು.

ಅದೇ ಒಪ್ಪಂದವನ್ನು ಹರಡಿದ. ಓದೆಂದೆ. "ಇದನ್ನೆಲ್ಲ ಯಾರು ಓದ್ತಾರೆ ತಾತ, ಸೈನ್ ಹಾಕಿಸಿ ಸಾಕು" ಎಂದು ನಕ್ಕ.

ಪೊಲೀಸರಲ್ಲೊಬ್ಬ ಎದ್ದು ಬಾಗಿಲು ಮುಚ್ಚಿದ. ಹದಿನೆಂಟು ಕಲಮುಗಳನ್ನೂ ಆ ಮೋಸಗಾರನಿಂದಲೇ ಓದಿಸಿದೆ. ಹನ್ನೆರಡನ್ನು ಗೊಣಗಿ ದಾಟಿಸಲು ನೋಡಿದ. "ಇನ್ನೊಂದ್ಸಲ ಓದಪ್ಪ" ಎಂದೆ. ಹೀಗೆ ಮೂರು ಸಲ. ನೀರು ಕೇಳಿದ, ಹೂಜಿ ನನ್ನ ಮಗ್ಗುಲಲ್ಲೇ ಇತ್ತು, ಕೊಡಲಿಲ್ಲ. ಕ್ಷಮೆಯೇ ಪರಮಧರ್ಮವೆಂದು ನಿತ್ಯ ಪಠಿಸುವ ಈ ನಾಲಿಗೆಗೆ ಅಂದು ಆ ಶಬ್ದವೇ ಮರೆತಿತ್ತು. ಅವನನ್ನು ಕರೆದೊಯ್ದ ಮೇಲೆ ಹೊಟ್ಟೆ ತುಂಬ ಉಂಡೆ.

ನಿನ್ನ ಹೆಣ್ಣುಮಕ್ಕಳಿಗೂ ತಿಳಿಸು: ಕೆಲಸ ಕೊಡುವವನು ಮೊದಲು ಹಣ ಕೇಳಿದರೆ, ಮುಖ ತೋರದೆ ಇವತ್ತೇ ಆಗಬೇಕೆಂದು ಅವಸರಿಸಿದರೆ, ಅಲ್ಲಿಂದಲೇ ಹಿಂದಿರುಗಲಿ. ಭಗವಂತನು ನಿಮ್ಮೆಲ್ಲರನ್ನೂ ಕಾಯಲಿ.

ಇತಿ,
ನಿನ್ನ ಅಣ್ಣ

ಮರುಬರಹ: ಮೇಲೆ ಒಂದನ್ನು ಬಿಟ್ಟಿದ್ದೇನೆ. ರುಜುವಿಗೆ ಮುನ್ನ ಅವಳು ಒಪ್ಪಂದವನ್ನು ನನ್ನ ಬಳಿಗೆ ತಂದಿದ್ದಳು. "ಕೆಲಸ ಕೊಡೋರು ನಮ್ಮ ಹತ್ರಾನೇ ದುಡ್ಡು ಯಾಕೆ ಕೇಳ್ತಾರೆ ಮಾವ?" ಎಂದಳು. ವಾಕ್ಯಗಳ ಬಿಗಿಗೂ ಮುದ್ರೆಯ ಅಂದಕ್ಕೂ ಮರುಳಾಗಿದ್ದ ನಾನು, "ಕಾಗದದ ವಿಷಯ ನನಗೇ ಹೇಳಿಕೊಡ್ತೀಯೇನಮ್ಮ? ಹಾಕು" ಎಂದು ನನ್ನ ಪೆನ್ನನ್ನೇ ಕೊಟ್ಟೆ. ಹನ್ನೆರಡನೆಯ ಕಲಮನ್ನು ಓದಿ ಹೇಳಲಿಲ್ಲ. ಮಗ ಬೈದಾಗ ನಾನು ಎದುರಿಗೇ ಕುಳಿತಿದ್ದೆ. ಅವಳು ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ರುಜು ಹಾಕಿಸಿದವನು ನಾನೆಂದು ಇಂದಿಗೂ ಯಾರಿಗೂ ಹೇಳಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುವವಳು ಅವಳೇ. ಲಕೋಟೆಯನ್ನು ಅಂಟಿಸದೆ ಅವಳ ಕೈಗೆ ಕೊಡುತ್ತಿದ್ದೇನೆ.