ಗಾಳಿ ದಿನದ ಟಿವಿ

ಮೊರೆಪೊ, ಜೇಜು ದ್ವೀಪ
ಅಕ್ಟೋಬರ್ ೧೮, ೨೦೦೪

ಪ್ರೀತಿಯ ತಂಗಿ ಇನ್‌ಹ್ವಾ,

ಮಂಡಿನೋವು ಹೇಗಿದೆ? ಒಸಾಕಾದಲ್ಲಿ ಚಳಿ ಶುರುವಾಗಿರಬೇಕು, ಉಣ್ಣೆಬಟ್ಟೆ ಸುತ್ತಿಕೊ, ಹಟ ಮಾಡಬೇಡ. ನಾನು ಗಟ್ಟಿಯಾಗಿದ್ದೇನೆ, ಕಿವಿ ಸ್ವಲ್ಪ ಮಂದ, ಕಡಲಲ್ಲಿ ಮುಳುಗಿ ಚಿಪ್ಪು ಹೆಕ್ಕುವ ನಮ್ಮಂಥ ಹೆಂಗಸರಿಗೆ ಅದು ಇದ್ದದ್ದೇ. ನಿನ್ನ ಗಂಡ ತೀರಿಕೊಂಡ ಮೇಲೆ ಕೇಳಿದ್ದೆಯಲ್ಲ, ಊರಿಗೆ ಬಂದು ಮತ್ತೆ ಕಡಲಿಗಿಳಿಯಬಹುದೇ ಎಂದು. ಮದುವೆಯಾಗಿ ಊರು ಬಿಟ್ಟವಳಿಗೆ ಇಲ್ಲಿನ ನೀರಿನ ಮೇಲೆ ಹಕ್ಕಿಲ್ಲ ಎಂಬ ಕಟ್ಟಳೆ ನಿನಗೂ ಗೊತ್ತು. ಅದನ್ನು ಸಡಿಲಿಸಲು, ನೀರಿನಿಂದೆದ್ದು ಬಂದು ಮೈ ಕಾಯಿಸಿಕೊಳ್ಳುವ ಬೆಂಕಿಕಟ್ಟೆಯ ಸುತ್ತ ಕೂರುವ ಎಲ್ಲ ಹೆಂಗಸರೂ ಒಪ್ಪಬೇಕು. ನಾನು ಅಲ್ಲಿ ಮುಖ್ಯಸ್ಥೆಯ ಜಾಗದಲ್ಲಿ ಕೂತದ್ದು ಈ ಬೇಸಿಗೆಯಲ್ಲಷ್ಟೆ. ನನ್ನ ಮೊದಲ ಮಾತೇ ನೆಲಕಚ್ಚಿದರೆ ನಿನ್ನ ಮಾತು ಎತ್ತುವುದು ಹೇಗೆ? ಆ ಮೊದಲ ಮಾತು ಟಿವಿಯದು. ನಗಬೇಡ.

ನಮ್ಮ ವಿಶ್ರಾಂತಿ ಮನೆಗೆ ಟಿವಿ ಬಂತು. ಡಿಶ್ ಹಾಕಿಸುವುದೋ ಕೇಬಲ್ ಎಳೆಸುವುದೋ ಎಂದು ವಾದ ಹತ್ತಿತು. ನಾನು ಕೇಬಲ್ ಪರ, ಮೀನುಗಾರರ ಸಂಘದ ಬು ಚಾಂಗ್‌ಸಿಕ್ ಡಿಶ್ ಪರ. ಗಂಡಸರು ಬೆಂಕಿಕಟ್ಟೆಯೊಳಗೆ ಕಾಲಿಡುವಂತಿಲ್ಲವಲ್ಲ, ಕಲ್ಲುಗೋಡೆಯ ಆಚೆ ನಿಂತೇ ಕೂಗಿದ: "ನೂರು ಚಾನೆಲ್ಲು ಬರ್ತವೆ ಕಣ್ರಮ್ಮಾ! ಕಪ್ಪು-ಬಿಳಿ ಕಲ್ಲಿನ ಬಾದುಕ್ ಆಟಕ್ಕೇ ಬೇರೆ ಚಾನೆಲ್ಲು! ಇವತ್ತು ಹೂಂ ಅಂದ್ರೆ ನಾಳೆ ಮಾಳಿಗೆ ಮೇಲಿರುತ್ತೆ!" ಕೇಬಲ್ಲಿಗೆ ಪಕ್ಕದೂರಿನಿಂದ ನೆಲದಡಿ ತಂತಿ ತರಲು ಮೊದಲ ಖರ್ಚು ಜಾಸ್ತಿ, ನಿಜ. ಆದರೆ ತಿಂಗಳ ಬಾಡಿಗೆ ಡಿಶ್ಶಿನ ಅರ್ಧ, ಜೊತೆಗೆ ನಮ್ಮ ದ್ವೀಪದ್ದೇ ಒಂದು ಚಾನೆಲ್ಲು. ಗಾಳಿಮಳೆಗೆ ಡಿಶ್ ಕೈಕೊಡುತ್ತದೆ ಎಂದೆ. "ವರ್ಷದಲ್ಲಿ ಎಷ್ಟು ದಿನ ಗಾಳಿ ಗ್ಯೆಹ್ವಕ್ಕಾ? ಅಷ್ಟಕ್ಕೆ ಯಾಕೆ ಹೆದರ್ತೀಯ?" ಎಂದ. ನಮ್ಮವರೂ ಅವನ ಮಾತಿಗೇ ತಲೆಯಾಡಿಸಿದರು. ಒಂದು ತಿಂಗಳು ಪುಕ್ಕಟೆ ನೋಡಿ ಎಂದು ಅಂಗಡಿಯವರು ಡಿಶ್ ಕೂರಿಸಿಯೂ ಹೋದರು. ನಿನ್ನ ಮಾತನ್ನು ಅವತ್ತು ಎತ್ತದೆಯೇ ಮನೆಗೆ ಬಂದೆ.

ಅಲ್ಲ ತಂಗೀ, ಕಡಲು ತಿಳಿಯಾಗಿರುವ ದಿನ ನಾವು ಟಿವಿ ಮುಂದೆ ಕೂರುತ್ತೇವೆಯೇ? ನೀರಿನಲ್ಲಿರುತ್ತೇವೆ! ನಾವು ಟಿವಿ ನೋಡುವುದೇ ಗಾಳಿ ಎದ್ದು ಮುಳುಗಲಾಗದ ದಿನ. ನೂರು ಚಾನೆಲ್ಲಿನ ಆಸೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲ. ಕಳೆದ ವಾರ ಗಾಳಿ ಎದ್ದಿತು, ಜೊತೆಗೆ ಜಡಿಮಳೆ. ಬೇಯಿಸಿದ ಗೆಣಸು ಹಿಡಿದು ಎಲ್ಲರೂ ಬಂದು ಕೂತೆವು. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕೆನ್ನೆಗೆ ಬಾರಿಸಲು ಕೈ ಎತ್ತಿದಳು, ಅಷ್ಟರಲ್ಲಿ ಚಿತ್ರ ಮಾಯ! ಚಾಂಗ್‌ಸಿಕ್ ಮಾಳಿಗೆ ಹತ್ತಿ ಡಿಶ್ಶನ್ನು ಅತ್ತಿತ್ತ ತಿರುಗಿಸಿದ. ಅವನ ಟೋಪಿ ಕಡಲು ಸೇರಿತೇ ಹೊರತು ಅತ್ತೆ ವಾಪಸು ಬರಲಿಲ್ಲ. ನಮ್ಮ ಮಾಲ್‌ಸುನ್ ಅಜ್ಜಿಯ ನಾಲಿಗೆ ನಿನಗೆ ಗೊತ್ತಲ್ಲ, ಕೆಳಗಿನಿಂದ ಕೂಗಿದಳು: "ಲೋ, ಆ ಬಾಣಲೇನ ಇಳಿಸ್ಕೊಂಡು ಬಾರೋ, ಮೀನಾದ್ರೂ ಹುರಿಯೋಣ!" ಏಟು ಬಿತ್ತೋ ಇಲ್ಲವೋ ತಿಳಿಯದೆ ಇರಲಾರದೆ, ಎಲ್ಲರೂ ಆ ಮಳೆಯಲ್ಲೇ ಪಕ್ಕದೂರಿಗೆ ನಡೆದೆವು. ಹೌದು, ಕಡಲ ಗಡಿಗಾಗಿ ನಮ್ಮಜ್ಜಿಯ ಕಾಲದಿಂದ ನಮ್ಮೊಡನೆ ಕಿತ್ತಾಡುವ ಅದೇ ಊರು! ಅಲ್ಲಿ ಕೇಬಲ್ ಹಾಯಾಗಿ ಓಡುತ್ತಿತ್ತು. "ಏನ್ರಮ್ಮಾ, ನಿಮ್ಮ ನೂರು ಚಾನೆಲ್ಲು ಎಲ್ಲಿ ಹೋದ್ವು?" ಎಂದು ಅವರು ನಕ್ಕಾಗ ನಮ್ಮವರ ಮುಖ ನೋಡಬೇಕಿತ್ತು. ನನಗೆ ಮಾತ್ರ ಒಳಗೊಳಗೇ ಹಬ್ಬ.

ಮರುದಿನ ಬೆಂಕಿಕಟ್ಟೆಯಲ್ಲಿ ಕೇಬಲ್ಲಿಗೆ ಒಂದು ಕೈಯೂ ಬಿಡದೆ ಎಲ್ಲ ಕೈಗಳೂ ಎದ್ದವು. ತಂತಿಯ ಖರ್ಚಿಗೆ ಒಂದು ದಿನ ಎಲ್ಲರೂ ಮುಳುಗಿ ತಂದದ್ದನ್ನು ಕೊಡುವುದೆಂದಾಯಿತು. ಮಾಲ್‌ಸುನ್ ಅಜ್ಜಿ ನನ್ನ ಬೆನ್ನಿಗೊಂದು ಗುದ್ದಿ, "ಇನ್ಮೇಲೆ ಇವಳ ಮಾತು ಕೇಳ್ರೇ" ಎಂದಳು. ಗೆದ್ದೆ ಇನ್‌ಹ್ವಾ, ನಿನ್ನಕ್ಕ ಗೆದ್ದಳು! ಮೊಮ್ಮಗಳಿಗೆ ನನ್ನ ಮುತ್ತು ಕೊಡು. ಕಡಲಮ್ಮ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಗ್ಯೆಹ್ವಾ

ತಾ.ಕ.: ಅಂಚೆಯವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಆ ಎತ್ತಿದ ಕೈಗಳು ಇಳಿಯುವ ಮೊದಲೇ ನಿನ್ನ ಮಾತನ್ನೂ ಕೇಳಿಬಿಟ್ಟೆ. ಒಬ್ಬಳೂ ಇಳಿಸಲಿಲ್ಲ. ಮುದುಕಿಯರಿಗೆಂದು ಮೀಸಲು ಬಿಟ್ಟ ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ಇನ್ನು ನಿನಗೂ ಪಾಲುಂಟು. ಹೊರಟು ಬಾ.