ಮಖಮಲ್ಲಿಗೆ ಕತ್ತರಿ ಹಾಕಿದ್ದು

ಬುಧವಾರ, ಮಾರ್ಚ್ ೧೨

ಪ್ರೀತಿಯ ತಂಗಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ತಿಂಗಳೇ ಆಯಿತು, ಬೈದುಕೊಳ್ಳಬೇಡ. ಬೈದುಕೊಂಡರೂ ಸರಿಯೇ, ಇವತ್ತು ನನಗೆ ಯಾವ ಬೈಗುಳವೂ ನಾಟುವುದಿಲ್ಲ, ಅಷ್ಟು ಖುಷಿಯಲ್ಲಿದ್ದೇನೆ! ನಿನ್ನ ಮಂಡಿನೋವು ಹೇಗಿದೆ? ಇರಲಿ, ಅದು ಆಮೇಲೆ. ಮೊದಲು ನನ್ನದು ಕೇಳು.

ಹೊಲಿಗೆ ಅಂಗಡಿಯಲ್ಲಿ ಮಗಳು ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡದ್ದು ನಿನಗೆ ಗೊತ್ತೇ ಇದೆ. ಅವಳದೇನು ತಪ್ಪು? ವಯಸ್ಸಾಗುತ್ತಾ ನಾನು ಅಳೆದದ್ದನ್ನೇ ಅಳೆಯುತ್ತಿದ್ದೆ, ಗುರುತು ಹಾಕಿ ಒರೆಸಿ ಮತ್ತೆ ಹಾಕುತ್ತಿದ್ದೆ. "ಅಮ್ಮಾ, ನೀನು ಅಳೆದು ಮುಗಿಸೋಷ್ಟರಲ್ಲಿ ಗಿರಾಕಿ ಇನ್ನೊಂದು ಸುತ್ತು ದಪ್ಪ ಆಗಿರ್ತಾರೆ" ಎಂದು ನಗುತ್ತಲೇ ಗುಂಡಿ ಹೊಲಿಯಲು ಕೂರಿಸಿದಳು. ಇಡೀ ಆಯುಷ್ಯ ಕಟಿಂಗ್ ಮೇಜಿನ ಮುಂದೆ ನಿಂತವಳಿಗೆ ಮೂಲೆಯ ಸ್ಟೂಲು ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಮೊನ್ನೆ ಒಬ್ಬಳು ಹಾಡುಗಾರ್ತಿ ಬಂದಳು. ಕೈಯಲ್ಲಿ ಕಡುನೀಲಿ ಮಖಮಲ್ಲು. ಅವಳ ಅಮ್ಮ ಕೊಂಡಿಟ್ಟು, ಕತ್ತರಿ ಹಾಕಿಸಲು ಮನಸ್ಸು ಬಾರದೆ ಹಾಗೇ ಉಳಿಸಿ ಹೋದದ್ದಂತೆ. ಕೋಟು ಬೇಕು ಎಂದಳು. ಮಗಳು ಬಟ್ಟೆ ಹರಡಿ ತಲೆಯಾಡಿಸಿದಳು. "ಇದರ ಮೇಲಿರೋ ನವಿರುಗೂದಲು ಎಲ್ಲಾ ತುಂಡಲ್ಲೂ ಒಂದೇ ದಿಕ್ಕಿಗೆ ಬರ್ಬೇಕು, ಕಾಲರಿಗೆ ಬಟ್ಟೆ ಸಾಲಲ್ಲ. ಕೆಟ್ಟರೆ ಇಂಥದ್ದು ಮತ್ತೆ ಸಿಗಲ್ಲ, ನಾನಂತೂ ಮುಟ್ಟಲ್ಲಮ್ಮ."

ಹುಡುಗಿಯ ಮುಖ ಬಾಡಿಹೋಯಿತು. ನನಗೇನಾಯಿತೋ, ಸ್ಟೂಲಿನಿಂದ ಎದ್ದೇಬಿಟ್ಟೆ. "ಸಾಲುತ್ತೆ, ಕೊಡಿಲ್ಲಿ!" ಎಂದೆ. ಎರಡು ತೋಳುಗಳ ನಡುವೆ ಉಳಿಯುವ ತುಂಡಿನಲ್ಲೇ ಕಾಲರು ಇರುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಒಂದೇ ಸಲ ಅಳೆದೆ. ಗುರುತೂ ಹಾಕಲಿಲ್ಲ. ಕತ್ತರಿ ಇಟ್ಟವಳು ಎಲ್ಲೂ ನಿಲ್ಲಿಸದೆ ಕೊನೆ ಮುಟ್ಟಿಸಿದೆ! "ಅಮ್ಮಾ, ನಿಧಾನ, ನಿಧಾನ" ಎಂದು ಮಗಳು ಕೂಗುತ್ತಲೇ ಇದ್ದಳು.

ಮಗಳು ಹೊಲಿದಿಟ್ಟ ಕೋಟನ್ನು ಇವತ್ತು ಹುಡುಗಿ ಬಂದು ಹಾಕಿಕೊಂಡಳು. ಎರಕ ಹೊಯ್ದ ಹಾಗೆ ಕೂತಿತು ಕಣೇ! ಕನ್ನಡಿ ಮುಂದೆ ನಿಂತು ಅತ್ತಳು, ನಕ್ಕಳು, ತನ್ನ ಜೊತೆ ಹಾಡುವವರಿಗೆಲ್ಲ ಇಲ್ಲೇ ಕೋಟು ಹೊಲಿಸುತ್ತೇನೆ ಎಂದಳು. ಅವಳು ಹೋದ ಮೇಲೆ ಮಗಳು ಕತ್ತರಿ ತಂದು ನನ್ನ ಕೈಗಿಟ್ಟಳು. "ನಾಳೆಯಿಂದ ಕಟಿಂಗ್ ಎಲ್ಲಾ ನಿಂದೇ. ನಿಂಗಿರೋ ಧೈರ್ಯ ನಂಗಿಲ್ಲಮ್ಮ." ಅರವತ್ತಕ್ಕೆ ಅರಳು ಮರಳು ಎನ್ನುವವರನ್ನೆಲ್ಲ ಕರೆದು ತೋರಿಸಬೇಕು ಎನಿಸಿತು!

ನೀನೂ ಆ ಮಂಡಿ ಆಪರೇಷನ್ನಿಗೆ ಮೀನ ಮೇಷ ಎಣಿಸುತ್ತಾ ಕೂರಬೇಡ. ಮಾಡಿಸಿಕೊಂಡು ಇನ್ನೂ ಬಹಳ ಕಾಲ ಓಡಾಡಿಕೊಂಡಿರು. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ. ಕ.: ನಿನ್ನ ಹತ್ತಿರ ಮುಚ್ಚಿಡುವುದೇನು? ಅದು ಧೈರ್ಯವಲ್ಲ ಕಣೇ. ನಿಧಾನವಾಗಿ ಕತ್ತರಿಸಿದರೆ ನನ್ನ ಬಲಗೈ ನಡುಗುತ್ತದೆ. ಅಷ್ಟು ದಿನ ಅಳೆದದ್ದನ್ನೇ ಅಳೆಯುತ್ತಿದ್ದದ್ದೂ ನಡುಕ ನಿಲ್ಲಲಿ ಎಂದು ಕಾಯುವುದಕ್ಕೆ. ಮೊನ್ನೆ ಅದು ಶುರುವಾಗುವ ಮೊದಲೇ ಮುಗಿಸೋಣ ಎಂದು ಕತ್ತರಿ ಓಡಿಸಿದೆ, ಬಟ್ಟೆ ಉಳಿದದ್ದು ಆ ಹುಡುಗಿಯ ಪುಣ್ಯ. ನಾಳೆ ಮೇಜಿನ ಹತ್ತಿರ ಹೋಗುವ ಮೊದಲೇ ಮಗಳಿಗೆ ಹೇಳಿ ಕತ್ತರಿ ವಾಪಸ್ಸು ಕೊಡುತ್ತೇನೆ. ಇವತ್ತೊಂದು ಸಂಜೆ ನನ್ನ ಹತ್ತಿರವೇ ಇರಲಿ.